ಕಲ್ಲು ಹೇಳಿದ್ದು, ಕಲ್ಲು ಹೇಳದೆ ಬಿಟ್ಟದ್ದು: ಕಾರ್ಥೇಜಿನ ಹರಕೆಗಲ್ಲುಗಳೂ ನಮ್ಮ ನಿಸಿಧಿಗಳೂ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಊರುಗಳಲ್ಲಿ ಕೆರೆಯ ಏರಿ, ಹಾಳು ಗುಡಿಯ ಅಂಗಳ, ಊರಬಾಗಿಲು, ಹೊಲದ ಬದು ಇವೇ ಮೊದಲಾದ ಕಡೆಗಳಲ್ಲಿ ಉಬ್ಬುಶಿಲ್ಪವುಳ್ಳ ಕಲ್ಲುಗಳನ್ನು ಕಾಣದವರು ವಿರಳ. ಅವುಗಳಲ್ಲಿ ಕೆಲವಕ್ಕೆ ಸುಣ್ಣ ಬಳಿದು ಕುಂಕುಮವಿಡುತ್ತಾರೆ. ಕೆಲವು ಬಟ್ಟೆ ಒಗೆಯುವ ಹಾಸುಗಲ್ಲಾಗಿವೆ. ಇನ್ನು ಕೆಲವು ಕತ್ತಿನವರೆಗೆ ಮಣ್ಣಿನಲ್ಲಿ ಹೂತಿವೆ. ಕೇಳಿದರೆ ಎಲ್ಲಕ್ಕೂ ದೊರೆಯುವ ಉತ್ತರ ಒಂದೇ: ‘ವೀರಗಲ್ಲು’. ಅಧ್ಯಯನಕ್ಕೆಂದು ಹೊರಟ ವಿದ್ಯಾರ್ಥಿಗಳೂ ಎಷ್ಟೋ ವೇಳೆ ಅದೇ ಹೆಸರನ್ನು ಬರೆದುಕೊಂಡು ಹಿಂದಿರುಗುತ್ತಾರೆ. ಹೆಸರು ತಪ್ಪಿದರೆ ಏನು ಕೆಡುತ್ತದೆ ಎಂಬುದೇ ಈ ಲೇಖನದ ಪ್ರಶ್ನೆ. ಅದನ್ನು ವಿಚಾರಿಸುವುದಕ್ಕೆ ನಮ್ಮ ನಾಡಿನ ಕಲ್ಲುಗಳ ಜೊತೆಗೆ ಬಹುದೂರದ ಇನ್ನೊಂದು ನಾಡಿನ ಕಲ್ಲುಗಳನ್ನೂ, ಮೆಡಿಟರೇನಿಯನ್ ತೀರದ ಕಾರ್ಥೇಜಿನ ಸ್ಮಾರಕಶಿಲೆಗಳನ್ನೂ, ಎದುರಿಗಿಟ್ಟುಕೊಳ್ಳಬೇಕಾಗಿದೆ.

ಮೂರು ಬಗೆಯ ಕಲ್ಲುಗಳು

ಕರ್ನಾಟಕದಲ್ಲಿ ಸಾವನ್ನು ಕುರಿತು ನಿಲ್ಲಿಸಿದ ಕಲ್ಲುಗಳು ಮುಖ್ಯವಾಗಿ ಮೂರು ಬಗೆ. ತುರುಗೊಳ್, ಊರಳಿವು, ಗಡಿಯ ಕಾಳಗ ಮುಂತಾದುವುಗಳಲ್ಲಿ ಮಡಿದವನಿಗೆ ನಿಲ್ಲಿಸಿದುದು ವೀರಗಲ್ಲು. ಅದರ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಣದರಲ್ಲಿ ವೀರನನ್ನು ಒಯ್ಯುವ ದೇವಕನ್ಯೆಯರು, ಮೇಲಣದರಲ್ಲಿ ಬಹುಮಟ್ಟಿಗೆ ಲಿಂಗವೂ ಪೂಜಿಸುವ ಅರ್ಚಕನೂ ಇರುತ್ತಾರೆ. ಗಂಡನೊಡನೆ ಸಹಗಮನ ಮಾಡಿದವಳಿಗೆ ನಿಲ್ಲಿಸಿದುದು ಮಾಸ್ತಿಗಲ್ಲು. ಮೊಣಕೈಯಲ್ಲಿ ಮಡಿದು ಮೇಲೆತ್ತಿದ, ಬಳೆ ತೊಟ್ಟ ತೋಳು ಅದರ ಗುರುತು. ಆಹಾರವನ್ನು ಕ್ರಮಕ್ರಮವಾಗಿ ತೊರೆದು, ಗುರುಸಾನ್ನಿಧ್ಯದಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟ ಜೈನ ಮುನಿ, ಅಜ್ಜಿಕೆ, ಶ್ರಾವಕ, ಶ್ರಾವಕಿಯರಿಗೆ ನಿಲ್ಲಿಸಿದುದು ನಿಸಿಧಿ. ಇದರಲ್ಲಿ ಕುದುರೆಯಿಲ್ಲ, ಕತ್ತಿಯಿಲ್ಲ. ಪದ್ಮಾಸನದಲ್ಲಿ ಕುಳಿತ ಅಥವಾ ಕೈಮುಗಿದ ವ್ಯಕ್ತಿ, ಎದುರಿಗೆ ಗುರು, ಇಬ್ಬರ ನಡುವೆ ಶಾಸ್ತ್ರಗ್ರಂಥವಿಡುವ ಠವಣೆ, ಮೇಲೆ ಮುಕ್ಕೊಡೆಯ ಕೆಳಗೆ ಜಿನಬಿಂಬ: ಇದು ಅದರ ಸಾಮಾನ್ಯ ರೂಪ. ಕೆಲವೆಡೆ ಪಾದಗಳು ಮಾತ್ರ ಇರುವುದುಂಟು, ಕೆಲವೆಡೆ ಕಂಬ ಅಥವಾ ಮಂಟಪವೂ ಉಂಟು. ಶ್ರವಣಬೆಳಗೊಳದ ಚಂದ್ರಗಿರಿಯ ಅತ್ಯಂತ ಹಳೆಯವುಗಳಲ್ಲಿ ಚಿತ್ರವೇ ಇಲ್ಲ. ಬರಿಬಂಡೆಯ ಮೇಲೆ ನಾಲ್ಕಾರು ಸಾಲಿನ ಬರಹ ಮಾತ್ರವಿದೆ.

‘ನಿಸಿಧಿ’ ಎಂಬ ಮಾತಿನ ಚರಿತ್ರೆಯೂ ಗಮನಕ್ಕೆ ಅರ್ಹವಾದುದು. ನಿಸಿದಿ, ನಿಸಿದಿಗೆ, ನಿಷಿಧಿ, ನಿಷಿಧಿಗೆ ಎಂದು ಶಾಸನಗಳಲ್ಲಿ ಇದರ ರೂಪಗಳು ಹಲವು. ಮೂಲದಲ್ಲಿ ಇದು ಕುಳಿತುಕೊಳ್ಳುವ ತಾಣ, ನೆಲೆ ಎಂಬ ಅರ್ಥದ ಪದ. ಅಶೋಕನ ಮೊಮ್ಮಗ ದಶರಥನ ನಾಗಾರ್ಜುನಿ ಗುಹಾಶಾಸನಗಳಲ್ಲಿ ಮಳೆಗಾಲದ ವಾಸದ ನೆಲೆಯನ್ನು ಸೂಚಿಸುವುದಕ್ಕೆ ಇದರ ಪ್ರಾಕೃತ ರೂಪ ಬಳಕೆಯಾಗಿದೆ. ಖಾರವೇಲನ ಹಾಥಿಗುಂಫಾ ಶಾಸನದಲ್ಲಿಯೂ ಈ ಪದವಿದೆ. ಸಾಧಕನು ಕುಳಿತ ಜಾಗವೇ ಮುಂದೆ ಅವನು ದೇಹ ಬಿಟ್ಟ ಜಾಗದ ಹೆಸರಾಯಿತು. ಬಳಿಕ ಆ ಜಾಗದಲ್ಲಿ ನಿಂತ ಕಲ್ಲಿನ ಹೆಸರಾಯಿತು. ಅಂದರೆ ಈ ಪದದ ಹೊಟ್ಟೆಯಲ್ಲಿ ಸಾವು ಇರಲಿಲ್ಲ, ಸ್ಥಿರವಾಗಿ ಕುಳಿತುಕೊಳ್ಳುವುದು ಇತ್ತು. ನಿಸಿಧಿಯ ಶಿಲ್ಪದಲ್ಲಿ ಮಲಗಿದ ಹೆಣವನ್ನು ಕಾಣದೆ ಕುಳಿತ ಸಾಧಕನನ್ನು ಕಾಣುವುದು ಈ ಅರ್ಥಕ್ಕೆ ಅನುಗುಣವಾಗಿಯೇ ಇದೆ.

ಕಾರ್ಥೇಜಿನ ಕಲ್ಲುಗಳು

ಈಗ ಇನ್ನೊಂದು ನಾಡಿನ ಕಡೆಗೆ ತಿರುಗೋಣ. ಫಿನೀಷಿಯನ್ನರು ಇಂದಿನ ಲೆಬನಾನಿನ ಕರಾವಳಿಯ ಕಡಲ ವ್ಯಾಪಾರಿಗಳು. ಅವರು ಪಶ್ಚಿಮಕ್ಕೆ ಹೋಗಿ ನೆಲೆಸಿದ ಪಟ್ಟಣಗಳಲ್ಲಿ ದೊಡ್ಡದು ಇಂದಿನ ಟುನೀಷಿಯಾದಲ್ಲಿರುವ ಕಾರ್ಥೇಜು. ಅಲ್ಲಿಯ ಸಲಾಂಬೋ ಎಂಬ ಕಡೆ 1921ರಲ್ಲಿ ಒಂದು ಪವಿತ್ರಕ್ಷೇತ್ರ ಬೆಳಕಿಗೆ ಬಂದಿತು. ನೆಲದೊಳಗೆ ಸಾಲುಸಾಲಾಗಿ ಮಡಕೆಗಳು, ಅವುಗಳಲ್ಲಿ ಸುಟ್ಟ ಎಳೆಯ ಶಿಶುಗಳ ಮೂಳೆ, ಕೆಲವದರಲ್ಲಿ ಕುರಿಮರಿ ಮೇಕೆಮರಿಗಳ ಮೂಳೆ, ಮೇಲೆ ಸುಣ್ಣಕಲ್ಲಿನ ಮರಳುಗಲ್ಲಿನ ಶಿಲೆಗಳು. ಕ್ರಿಸ್ತಪೂರ್ವ 8ನೆಯ ಶತಮಾನದಿಂದ ಹಿಡಿದು ಕ್ರಿಸ್ತಪೂರ್ವ 146ರಲ್ಲಿ ರೋಮನ್ನರು ಪಟ್ಟಣವನ್ನು ನಾಶಮಾಡುವವರೆಗೆ ಈ ಕ್ಷೇತ್ರ ಬಳಕೆಯಲ್ಲಿತ್ತು. ಸಿಸಿಲಿಯ ಮೋತ್ಯಾ, ಸಾರ್ಡೀನಿಯಾದ ಥಾರ್ರೋಸ್ ಮತ್ತು ಸುಲ್ಕಿಸ್ ಮೊದಲಾದ ಕಡೆಗಳಲ್ಲಿಯೂ ಇಂತಹವು ದೊರೆತಿವೆ.

ಈ ಶಿಲೆಗಳ ಮೇಲಿನ ಕೆತ್ತನೆಗಳು ಕಣ್ಣನ್ನು ಹಿಡಿಯುವಂಥವು: ತ್ರಿಕೋನದ ಮೇಲೆ ಅಡ್ಡಗೆರೆ, ಅದರ ಮೇಲೆ ಒಂದು ವೃತ್ತವಿರುವ, ತಾನಿತ್ ದೇವಿಯದೆಂದು ಹೆಸರಾದ ಸಂಕೇತ, ಬಾಲಚಂದ್ರ ಮತ್ತು ಬಿಂಬ, ಮೇಲೆತ್ತಿದ ತೆರೆದ ಅಂಗೈ. ನಮ್ಮ ಮಾಸ್ತಿಗಲ್ಲಿನ ಕೈಯನ್ನೂ ಸ್ಮಾರಕಶಿಲೆಗಳ ಸೂರ್ಯಚಂದ್ರರನ್ನೂ ಕಂಡವರಿಗೆ ಇದು ಪರಿಚಿತವೆನಿಸಬಹುದು. ಆದರೆ ಈ ಹೋಲಿಕೆಯಿಂದ ಸಂಬಂಧವನ್ನು ಕಲ್ಪಿಸುವುದು ಶಾಸ್ತ್ರಸಮ್ಮತವಲ್ಲ. ನಮ್ಮಲ್ಲಿ ಆ ಕೈ ಒಬ್ಬ ಹೆಣ್ಣುಮಗಳ ಮುತ್ತೈದೆತನವನ್ನು ಹೇಳಿದರೆ, ಅಲ್ಲಿ ಅದು ಪ್ರಾರ್ಥನೆಯನ್ನೋ ಹರಕೆಯನ್ನೋ ಸೂಚಿಸುವಂತಿದೆ. ರೂಪ ಒಂದಾದ ಮಾತ್ರಕ್ಕೆ ಅರ್ಥ ಒಂದಾಗಬೇಕಿಲ್ಲ.

ಬರಹದ ಕಡೆಗೆ ಬಂದರೆ ಅಂತರ ಇನ್ನೂ ಸ್ಪಷ್ಟ. ಕಾರ್ಥೇಜಿನ ಸಾವಿರಾರು ಕಲ್ಲುಗಳ ಮೇಲೆ ಬಹುಮಟ್ಟಿಗೆ ಒಂದೇ ಸಿದ್ಧವಾಕ್ಯ ಮರಳಿ ಮರಳಿ ಬರುತ್ತದೆ. ತಾನಿತ್ ದೇವಿಗೂ ಬಾಲ್ ಹಮ್ಮೋನ್ ದೇವರಿಗೂ ಇಂಥವನ ಮಗ ಇಂಥವನು ಹರಕೆ ಹೊತ್ತು ಅರ್ಪಿಸಿದನು, ದೇವರು ಅವನ ಮೊರೆಯನ್ನು ಕೇಳಿದ್ದರಿಂದ ಎಂಬುದು ಅದರ ಸಾರ. ಹರಕೆ ಹೊತ್ತವನ ಹೆಸರಿದೆ, ಅವನ ತಂದೆಯ ಹೆಸರಿದೆ, ಕೆಲವೆಡೆ ಅಜ್ಜ ಮುತ್ತಜ್ಜಂದಿರ ಹೆಸರೂ ಇದೆ. ಹರಕೆ ಹೊತ್ತ ಹೆಂಗಸರ ಹೆಸರುಗಳೂ ಉಂಟು. ಮಡಕೆಯೊಳಗಿನ ಮಗುವಿನ ಹೆಸರಿಲ್ಲ. ಅದು ಹೇಗೆ ಸತ್ತಿತೆಂಬ ಮಾತೂ ಇಲ್ಲ.

ಈ ಮೌನದ ಜಾಗವನ್ನು ತುಂಬಿದವರು ಪರಕೀಯರು. ಕಾರ್ಥೇಜಿನವರು ತಮ್ಮ ಮಕ್ಕಳನ್ನೇ ಬಲಿ ಕೊಡುತ್ತಿದ್ದರೆಂದು ಗ್ರೀಕ್ ಮತ್ತು ರೋಮನ್ ಲೇಖಕರು ಬರೆದರು. ಕ್ರಿಸ್ತಪೂರ್ವ 310ರ ಮುತ್ತಿಗೆಯ ಸಮಯದಲ್ಲಿ ಗಣ್ಯ ಮನೆತನಗಳ 200 ಮಕ್ಕಳನ್ನು ಬಲಿಯಿತ್ತರೆಂದು ಹೇಳುವ ಡಿಯೋಡೋರಸನು ಆ ಘಟನೆಗೆ ಎರಡು ಶತಮಾನಗಳಿಗೂ ಮಿಕ್ಕಿ ಈಚೆಗಿನವನು. ಇಂದು ಆ ಕ್ಷೇತ್ರಕ್ಕೆ ಬಳಸುವ ‘ಟೋಫೆಟ್’ ಎಂಬ ಹೆಸರು ಕೂಡ ಕಾರ್ಥೇಜಿನವರದಲ್ಲ. ಮಕ್ಕಳನ್ನು ಬೆಂಕಿಗೆ ಕೊಡುವ ಜಾಗವೆಂದು ಹೀಬ್ರೂ ಧರ್ಮಗ್ರಂಥ ಖಂಡಿಸಿದ ಜೆರೂಸಲೇಮಿನ ಒಂದು ತಾಣದ ಹೆಸರನ್ನು ಆಧುನಿಕ ವಿದ್ವಾಂಸರು ಇದಕ್ಕೆ ಹಚ್ಚಿದರು. ಹೆಸರಿಟ್ಟ ಗಳಿಗೆಯಲ್ಲಿಯೇ ತೀರ್ಪೂ ಸೇರಿಕೊಂಡಿತು.

ವಿವಾದ ಇಂದಿಗೂ ಮುಗಿದಿಲ್ಲ. 348 ಮಡಕೆಗಳಲ್ಲಿದ್ದ 540 ಶಿಶುಗಳ ಅವಶೇಷವನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ, ಅವುಗಳಲ್ಲಿ ಗರ್ಭದಲ್ಲಿಯೇ ಅಥವಾ ಹುಟ್ಟಿದ ಕೆಲದಿನಗಳಲ್ಲಿಯೇ ತೀರಿಕೊಂಡವು ಅನೇಕವಿರುವುದರಿಂದ ಇದು ಎಳೆಯ ಮಕ್ಕಳ ರುದ್ರಭೂಮಿಯೆಂದು ವಾದಿಸಿತು. ಅದೇ ಮೂಳೆಗಳ ವಯಸ್ಸನ್ನು ಬೇರೆ ಬಗೆಯಲ್ಲಿ ಎಣಿಸಿದವರೂ, ಕಲ್ಲಿನ ಮೇಲಿನ ಹರಕೆಯ ಮಾತನ್ನು ಮುಖ್ಯವೆಂದು ಹಿಡಿದವರೂ 2013ರಲ್ಲಿ ಅದನ್ನು ಖಂಡಿಸಿ ಬಲಿಯ ಪಕ್ಷವನ್ನು ಎತ್ತಿಹಿಡಿದರು. ಇದನ್ನು ಬಗೆಹರಿಸಬಲ್ಲ ಮೂರನೆಯ ಸಾಕ್ಷಿ ಕಾರ್ಥೇಜಿನವರ ಸ್ವಂತ ಸಾಹಿತ್ಯವಾಗಿತ್ತು. ಪಟ್ಟಣ ಬಿದ್ದಾಗ ರೋಮನ್ನರು ಅಲ್ಲಿಯ ಗ್ರಂಥಭಂಡಾರಗಳನ್ನು ಆಫ್ರಿಕದ ಅರಸುಮಕ್ಕಳಿಗೆ ಹಂಚಿದರು. ಮಾಗೋ ಎಂಬವನ ಕೃಷಿಗ್ರಂಥವೊಂದನ್ನು ಮಾತ್ರ ತಮ್ಮ ಭಾಷೆಗೆ ಅನುವಾದಿಸಿಕೊಂಡರು. ಉಳಿದುದೆಲ್ಲ ಕಣ್ಮರೆಯಾಯಿತು. ಹೀಗಾಗಿ ಕಾರ್ಥೇಜಿನಲ್ಲಿ ಕಲ್ಲುಂಟು, ಕಾವ್ಯವಿಲ್ಲ. ಆಚರಣೆಯ ಗುರುತುಂಟು, ಆಚರಿಸಿದವರ ವಿವರಣೆಯಿಲ್ಲ.

ನಮ್ಮ ಕಲ್ಲುಗಳು ಹೇಳುವುದೇನು

ಇದರ ಎದುರಿಗೆ ಚಂದ್ರಗಿರಿಯ ಒಂದು ಶಾಸನವನ್ನು ಇಟ್ಟು ನೋಡಬಹುದು. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿಯ ತಾಯಿ ಮಾಚಿಕಬ್ಬೆಯ ಮರಣವನ್ನು ಅದು ನಿರೂಪಿಸುತ್ತದೆ. ಮಗಳು ತೀರಿಕೊಂಡ ಬಳಿಕ ಆಕೆ ಬೆಳಗೊಳಕ್ಕೆ ಬಂದದ್ದು, ಸಂನ್ಯಸನವನ್ನು ಕೈಗೊಂಡದ್ದು, ಪಂಚಪದಗಳನ್ನು ಉಚ್ಚರಿಸುತ್ತ, ಜಿನೇಂದ್ರನನ್ನು ಧ್ಯಾನಿಸುತ್ತ, ಬಂಧುಗಳನ್ನು ಬೀಳ್ಕೊಟ್ಟು, ಒಂದು ತಿಂಗಳ ಉಪವಾಸದಿಂದ ಸಮಾಧಿಯನ್ನು ಪಡೆದದ್ದು, ಪ್ರಭಾಚಂದ್ರ ಸಿದ್ಧಾಂತದೇವರೇ ಮೊದಲಾದ ಗುರುಗಳು ಆಗ ಸನ್ನಿಧಿಯಲ್ಲಿದ್ದದ್ದು, ಇವೆಲ್ಲವೂ ಅಲ್ಲಿವೆ. ಸತ್ತವರು ಯಾರು, ಯಾರ ಮಗಳು, ಯಾರ ಗುಡ್ಡಿ, ಯಾವ ವಿಧಿಯಿಂದ, ಯಾರ ಸಮಕ್ಷಮ ಎಂಬ ಐದು ಪ್ರಶ್ನೆಗಳಿಗೂ ಉತ್ತರವಿದೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನು 1120ರ ಆಸುಪಾಸಿನಲ್ಲಿ ತಾಯಿ ಪೋಚಿಕಬ್ಬೆಗೂ ಹೆಂಡತಿ ಲಕ್ಷ್ಮೀಮತಿಗೂ ನಿಲ್ಲಿಸಿದ ನಿಸಿಧಿಗಳು, 1129ರ ಮಲ್ಲಿಷೇಣ ಪ್ರಶಸ್ತಿ, ಗಂಗ ಮಾರಸಿಂಹನು 974ರಲ್ಲಿ ಬಂಕಾಪುರದಲ್ಲಿ ಅಜಿತಸೇನ ಗುರುಗಳ ಸನ್ನಿಧಿಯಲ್ಲಿ ದೇಹ ಬಿಟ್ಟುದನ್ನು ಹೇಳುವ ಕೂಗೆ ಬ್ರಹ್ಮದೇವರ ಕಂಬ, ರಾಷ್ಟ್ರಕೂಟ ನಾಲ್ವಡಿ ಇಂದ್ರನ 982ರ ಮರಣವನ್ನು ಹೇಳುವ ಶಾಸನ, ಎಲ್ಲವೂ ಇದೇ ಜಾಡಿನವು. ಬರಿಯ ಅರಸುಮನೆತನದವರ ಮಾತೇ ಇದೆಂದು ಭಾವಿಸಬೇಕಿಲ್ಲ. ಏಳನೆಯ ಶತಮಾನದ ಸಣ್ಣ ಸಣ್ಣ ಶಾಸನಗಳಲ್ಲಿ ಬರಿಯ ಮುನಿಗಳೂ ಕಂತಿಯರೂ ಇದ್ದಾರೆ. ಅವುಗಳಲ್ಲಿ ನಂದಿಸೇನ ಮುನಿಯದು, ಸಿರಿಯನ್ನೂ ಚೆಲುವನ್ನೂ ಕಾಮನಬಿಲ್ಲು, ಮಿಂಚು, ಇಬ್ಬನಿಗಳಿಗೆ ಹೋಲಿಸುವ ಪದ್ಯದಿಂದಾಗಿ, ಕನ್ನಡ ಕಾವ್ಯಚರಿತ್ರೆಯ ಮೊದಲ ಪುಟಗಳಿಗೇ ಸೇರಿದೆ.

ಕಲ್ಲಿನ ಜೊತೆಗೆ ಗ್ರಂಥವೂ ನಮಗುಂಟು. ಪರಿಹಾರವಿಲ್ಲದ ಉಪಸರ್ಗ, ಬರಗಾಲ, ಮುಪ್ಪು, ರೋಗ ಬಂದೊದಗಿದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದು ಸಲ್ಲೇಖನವೆಂದು ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಲಕ್ಷಣ ಹೇಳುತ್ತದೆ. ಅದಕ್ಕೂ ಅತಿಚಾರಗಳುಂಟು: ಬದುಕುವಾಸೆ ತಪ್ಪು, ಬೇಗ ಸಾಯಬೇಕೆಂಬ ಆಸೆಯೂ ತಪ್ಪು. ಭಗವತೀ ಆರಾಧನೆ ಮರಣದ ಬಗೆಗಳನ್ನು ವಿಂಗಡಿಸುತ್ತದೆ. ಕನ್ನಡದ ವಡ್ಡಾರಾಧನೆ 19 ಕಥೆಗಳಲ್ಲಿ ಅದೇ ತತ್ತ್ವಕ್ಕೆ ಮೈಕೊಡುತ್ತದೆ. ಭದ್ರಬಾಹು ಭಟಾರರ ಕಥೆಯನ್ನು ಓದಿದವನು ಚಂದ್ರಗಿರಿಯ ಸುಮಾರು 600ರ ಮೊದಲ ಶಾಸನವನ್ನು ಓದುವ ರೀತಿಯೇ ಬೇರೆಯಾಗುತ್ತದೆ. ಕಾರ್ಥೇಜಿನ ಸಂಶೋಧಕನು ಯಾವ ಸಾಕ್ಷಿಗಾಗಿ ಹಂಬಲಿಸುತ್ತಾನೆಯೋ ಅದು ನಮ್ಮ ವಿದ್ಯಾರ್ಥಿಯ ಕೈಯಳತೆಯಲ್ಲಿದೆ.

ಶಿವಗಂಗೆಯ ಒಂದು ಮೌನ

ಆದರೆ ನಮ್ಮ ಕಲ್ಲುಗಳೂ ಎಲ್ಲವನ್ನೂ ಹೇಳುವುದಿಲ್ಲ. ತುಮಕೂರಿನಿಂದ ಬೆಂಗಳೂರಿಗೆ ಹೋಗುವವರಿಗೆ ದಾಬಸ್‌ಪೇಟೆಯ ಬಳಿ ಕಾಣುವ ಶಿವಗಂಗೆಯಲ್ಲಿ 1131ರಲ್ಲಿ ಶಾಂತಲದೇವಿ ತೀರಿಕೊಂಡಳು. ಮಾಚಿಕಬ್ಬೆಯ ಮರಣವನ್ನು ವಿವರಿಸುವ ಶಾಸನವೇ ಇದನ್ನೂ ಹೇಳುತ್ತದೆ. ಅಲ್ಲಿ ಬಳಸಿರುವ ಕ್ರಿಯಾಪದ ‘ಮುಡಿಪು’. ಇಂದಿನ ಕನ್ನಡದಲ್ಲಿ ಮುಡಿಪೆಂದರೆ ದೇವರಿಗೆ ಎತ್ತಿಟ್ಟ ಹರಕೆಯ ಹಣ. ಶಾಸನಗನ್ನಡದಲ್ಲಿ ಅದು ಕೊನೆಗಾಣಿಸು, ಸಾಯು ಎಂಬ ಅರ್ಥದ್ದು. ತಾಯಿಯ ವಿಷಯದಲ್ಲಿ ಉಪವಾಸದ ಅವಧಿಯನ್ನೂ ಗುರುಗಳ ಹೆಸರನ್ನೂ ಬಿಡದೆ ಬರೆದ ಶಾಸನ ಮಗಳ ವಿಷಯದಲ್ಲಿ ಇಷ್ಟೇ ಹೇಳಿ ನಿಲ್ಲುತ್ತದೆ. ಈ ಬಿಡುವಿನಲ್ಲಿ ಎರಡು ಕಥೆಗಳು ಹುಟ್ಟಿದವು. ಆಕೆ ಬೆಟ್ಟದ ತುದಿಯಿಂದ ಧುಮುಕಿದಳೆಂದು ಜನ ಒಂದು ಕೋಡುಗಲ್ಲನ್ನೇ ತೋರಿಸುತ್ತಾರೆ. ಆಕೆಯೂ ಸಲ್ಲೇಖನದಿಂದಲೇ ಮುಡಿಪಿದಳೆಂದು ಅನೇಕ ಜೈನ ಲೇಖಕರು ಬರೆಯುತ್ತಾರೆ. ಮೊದಲನೆಯದಕ್ಕೆ ಶಾಸನದ ಆಧಾರವಿಲ್ಲ. ಎರಡನೆಯದು ಜೈನನಾದ ನನಗೆ ಪ್ರಿಯವಾದ ಊಹೆ, ಆದರೂ ಊಹೆಯೇ. ಶೈವನಾದ ಮಾರಸಿಂಗಯ್ಯನಿಗೂ ಜಿನಭಕ್ತೆಯಾದ ಮಾಚಿಕಬ್ಬೆಗೂ ಹುಟ್ಟಿದ ಮಗಳು ಶೈವ ತೀರ್ಥವೊಂದರಲ್ಲಿ ಕೊನೆಯುಸಿರೆಳೆದಳು ಎಂಬಲ್ಲಿಗೆ ಕಲ್ಲಿನ ಮಾತು ಮುಗಿಯುತ್ತದೆ. ಡಿಯೋಡೋರಸನು ಪರರ ಸಾವಿಗೆ ಕಥೆ ಕಟ್ಟಿದನೆಂದು ಆಕ್ಷೇಪಿಸುವ ನಾವು ನಮ್ಮವರ ಸಾವಿಗೆ ಕಥೆ ಕಟ್ಟುವಾಗಲೂ ಅದೇ ಎಚ್ಚರವನ್ನು ತಾಳಬೇಕು.

ಈ ಎಚ್ಚರ ಬರಿಯ ಪಂಡಿತರ ಶಿಸ್ತಿನ ಮಾತಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮಾನವೆಂದು ತೀರ್ಮಾನಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಆ ದಿನಗಳ ವಾದವಿವಾದಗಳಲ್ಲಿ, ಈ ವ್ರತ ಪುರಾತನವೆಂದು ಎಲ್ಲರೂ ಹೇಳಿದರು; ಅದನ್ನು ಯಾರು, ಯಾವಾಗ, ಎಂಥ ಸ್ಥಿತಿಯಲ್ಲಿ, ಯಾರ ಅನುಮತಿಯಿಂದ ಕೈಗೊಂಡರೆಂಬುದನ್ನು ಒಂದೊಂದು ಸಾವಿನ ಮಟ್ಟಿಗೆ ತೋರಿಸಬಲ್ಲ ದಾಖಲೆ ನಮ್ಮ ನಿಸಿಧಿಗಳೇ. ಶ್ರೀ ಷ. ಶೆಟ್ಟರ್ ಅವರು ‘ಇನ್‌ವೈಟಿಂಗ್ ಡೆತ್’ ಮತ್ತು ‘ಪರ್ಸ್ಯೂಯಿಂಗ್ ಡೆತ್’ ಎಂಬ ತಮ್ಮ ಎರಡು ಗ್ರಂಥಗಳಲ್ಲಿ ಈ ಕಲ್ಲುಗಳನ್ನು ಆಧರಿಸಿಯೇ ವಿಷಯವನ್ನು ಬೆಳೆಸಿದರು. ಅವರ ವಿಶ್ಲೇಷಣೆಯನ್ನು ಒಪ್ಪುವವರಿಗೂ ಒಪ್ಪದವರಿಗೂ ಮರಳಿ ನೋಡಲು ಮೂಲಸಾಕ್ಷಿ ಉಳಿದಿರಬೇಕಷ್ಟೆ.

ಗುಬ್ಬಿ, ಕುಣಿಗಲ್, ತುಮಕೂರು

ಈಗ ನಾವು ಹೊರಟ ಸೀಮೆಗೇ ಮರಳೋಣ. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತ ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಕಾಲದ, ಶಕ 735ರ ತಾಮ್ರಪಟ ಈ ನೆಲದ ಜೈನಚರಿತ್ರೆಗೆ ಒಂದು ಕೀಲಿಕೈ. ಕುನುಂಗಿಲ್ ದೇಶದ, ಎಂದರೆ ಇಂದಿನ ಕುಣಿಗಲ್ ಸೀಮೆಯ, ಅಧಿಪತಿಯಾಗಿದ್ದ ವಿಮಲಾದಿತ್ಯನ ಶನಿಪೀಡೆಯನ್ನು ನಿವಾರಿಸಿದುದಕ್ಕಾಗಿ ಅರ್ಕಕೀರ್ತಿ ಎಂಬ ಯಾಪನೀಯ ಮುನಿಗೆ, ಮಾನ್ಯಪುರದ ಬಳಿಯ ಜಿನಾಲಯಕ್ಕೆಂದು ಜಾಲಮಂಗಲವೆಂಬ ಊರನ್ನು ದತ್ತಿಯಿತ್ತುದನ್ನು ಅದು ಹೇಳುತ್ತದೆ. ಗುಬ್ಬಿಯಲ್ಲಿ ಸಿಕ್ಕ ಪಟ, ಕುಣಿಗಲ್ಲಿನ ಅಧಿಪತಿ, ನೆಲಮಂಗಲ ತಾಲ್ಲೂಕಿನ ಮಣ್ಣೆಯ ಬಸದಿ: ಈ ಮೂರೂ ಒಂದೇ ಜಾಲದಲ್ಲಿವೆ.

ತುಮಕೂರಿಗೆ ಸಮೀಪದ ಕೈದಾಳವನ್ನು ಜಕಣಾಚಾರಿಯ ಐತಿಹ್ಯದಿಂದಲೂ ಚೆನ್ನಕೇಶವ ಗುಡಿಯಿಂದಲೂ ಬಲ್ಲವರು ಬಹಳ ಮಂದಿ. ಹನ್ನೆರಡನೆಯ ಶತಮಾನದ ನಡುವಿನ ಅಲ್ಲಿಯ ಶಾಸನದಲ್ಲಿ ಮರುಗರೆನಾಡಿನ ಒಡೆಯ ಸಾಮಂತ ಗೂಳಿಬಾಚಿಯು ಶಿವನಿಗೂ ವಿಷ್ಣುವಿಗೂ ಗುಡಿಗಳನ್ನು ಕಟ್ಟಿಸಿದುದರ ಜೊತೆಗೆ, ಹೆಂಡತಿ ಭೀಮಲೆಯ ಹೆಸರಿನಲ್ಲಿ ಭೀಮಜಿನಾಲಯವನ್ನು ಮಾಡಿಸಿದ ಸಂಗತಿಯಿದೆ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹೊಯ್ಸಳ ಕಾಲದ ಶಾಂತೀಶ್ವರ ಬಸದಿ ನಿಂತಿದೆ. ತುಮಕೂರಿನ ಹೊರವಲಯದ ಮಂದರಗಿರಿಯನ್ನು ಜನ ಬಸದಿ ಬೆಟ್ಟವೆಂದೇ ಕರೆಯುತ್ತಾರೆ. ಅದರ ಬುಡದಲ್ಲಿ ನವಿಲುಗರಿಯ ಪಿಂಛಿಯ ಆಕಾರದಲ್ಲಿ ಎದ್ದಿರುವ 81 ಅಡಿಯ ಗುರುಮಂದಿರ, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ ಆಚಾರ್ಯ ಶಾಂತಿಸಾಗರರಿಗೆ ಸಮರ್ಪಿತವಾದುದು. ನಿಸಿಧಿಯನ್ನು ನಿಲ್ಲಿಸಿದ ಮನಸ್ಸು ಈ ಸೀಮೆಯಲ್ಲಿ ಬತ್ತಿಲ್ಲವೆಂಬುದಕ್ಕೆ ಅದು ಸಾಕ್ಷಿ.

ಮುನಿಗಳಿದ್ದು, ದಾನಿಗಳಿದ್ದು, ಬಸದಿಗಳಿದ್ದ ಸೀಮೆಯಲ್ಲಿ ಸಮಾಧಿಮರಣಗಳೂ ನಡೆದಿರಬೇಕು, ಕಲ್ಲುಗಳೂ ನಿಂತಿರಬೇಕು. ಬಿ. ಎಲ್. ರೈಸ್ ಅವರು 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟವಾಗಿ ತುಮಕೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಆದರೆ ಅಂಥ ಸಂಪುಟಗಳ ಗುರಿ ಅಕ್ಷರ. ಅಕ್ಷರವಿಲ್ಲದ, ಶಿಲ್ಪ ಮಾತ್ರವಿರುವ ಕಲ್ಲು ಶಾಸನಸಂಪುಟಕ್ಕೆ ಸೇರುವುದಿಲ್ಲ. ಅದನ್ನು ಗುರುತಿಸಬೇಕಾದವನು ಊರಿಂದೂರಿಗೆ ನಡೆಯುವ ವಿದ್ಯಾರ್ಥಿಯೇ. ಅವನು ಠವಣೆಯನ್ನು ಗಮನಿಸದೆ, ಮುಕ್ಕೊಡೆಯನ್ನು ಗಮನಿಸದೆ ‘ವೀರಗಲ್ಲು’ ಎಂದು ಬರೆದನೆಂದರೆ, ಒಂದು ತಿಂಗಳ ಉಪವಾಸ ಮಾಡಿ ಶಾಂತಳಾಗಿ ಕಣ್ಮುಚ್ಚಿದ ಶ್ರಾವಕಿಯೊಬ್ಬಳು ತುರುಗಾಳಗದ ಲೆಕ್ಕಕ್ಕೆ ಸೇರಿಹೋಗುತ್ತಾಳೆ. ಅವಳ ಗುರುಪರಂಪರೆಯೂ ಆ ಊರಿನ ಬಸದಿಯ ಸುಳಿವೂ ಅವಳ ಜೊತೆಗೇ ಹೋಗುತ್ತವೆ.

ಆದಕಾರಣ ಅಧ್ಯಯನಕ್ಕೆ ಹೊರಡುವವರಿಗೆ ಕೆಲವು ವಿನಂತಿಗಳು. ಕಲ್ಲನ್ನು ಕಂಡೊಡನೆ ಹೆಸರಿಡದೆ, ಪಟ್ಟಿಕೆ ಪಟ್ಟಿಕೆಯಾಗಿ ಕಂಡದ್ದನ್ನು ಬರೆದುಕೊಳ್ಳಿ. ಎತ್ತರ, ಅಗಲ, ಮುಖ ಮಾಡಿರುವ ದಿಕ್ಕು, ಸುತ್ತಲಿನ ಅವಶೇಷಗಳನ್ನು ಗುರುತು ಹಾಕಿಕೊಳ್ಳಿ. ಸುಣ್ಣ ಬಳಿದಿದ್ದರೆ ಊರ ಹಿರಿಯರ ಅನುಮತಿ ಪಡೆದು, ನೀರು ಮತ್ತು ಮೆತ್ತನೆಯ ಕುಂಚದಿಂದಲ್ಲದೆ ಬೇರೆ ಯಾವುದರಿಂದಲೂ ತೊಳೆಯಬೇಡಿ. ಅಕ್ಷರವಿದ್ದರೆ ಬಲ್ಲವರಿಂದ ಪಡಿಯಚ್ಚು ತೆಗೆಸಿ. ಊರವರು ಅದನ್ನು ದೇವರೆಂದು ಪೂಜಿಸುತ್ತಿದ್ದರೆ ಆ ಪೂಜೆಯೇ ಅದನ್ನು ಈವರೆಗೆ ಉಳಿಸಿದೆಯೆಂಬ ಕೃತಜ್ಞತೆ ನಿಮಗಿರಲಿ. ಕಲ್ಲು ಯಾರದೆಂಬುದನ್ನು ವಿನಯದಿಂದ ತಿಳಿಸಿ, ಪೂಜೆಯನ್ನು ಕೆಡಿಸಬೇಡಿ. ಸಾಧ್ಯವಾದಷ್ಟು ಮಟ್ಟಿಗೆ ಅದು ನಿಂತಲ್ಲಿಯೇ ನಿಲ್ಲಲಿ. ಕಾರ್ಥೇಜಿನ ಎರಡು ಸಾವಿರಕ್ಕೂ ಹೆಚ್ಚು ಶಿಲೆಗಳನ್ನು ಫ್ರಾನ್ಸಿಗೆ ಸಾಗಿಸುತ್ತಿದ್ದ ಮಾಜೆಂಟಾ ಎಂಬ ಹಡಗು 1875ರಲ್ಲಿ ತೂಲೋನ್ ಬಂದರಿನಲ್ಲಿ ಸಿಡಿದು ಮುಳುಗಿತು. ಅವುಗಳನ್ನು ಮುಳುಗುಗಾರರು ನೀರಿನಿಂದ ಮೇಲೆತ್ತಬೇಕಾಯಿತು. ನಮ್ಮ ಕಲ್ಲುಗಳಿಗೆ ಹಡಗು ಬೇಕಿಲ್ಲ. ರಸ್ತೆಯ ಅಡಿಗಲ್ಲಾಗಿಯೋ ಕೆರೆಯ ತೂಬಿನ ಕಟ್ಟಡಕ್ಕೋ ಒಂದು ದಿನದಲ್ಲಿ ಅವು ಮುಳುಗಬಲ್ಲವು.

ಕಾರ್ಥೇಜಿನ ಮಡಕೆಯೊಳಗಿನ ಮಗುವಿಗೆ ಹೆಸರು ಕೊಡುವುದು ಇನ್ನು ಯಾರಿಂದಲೂ ಆಗದು. ಅದನ್ನು ಕೆತ್ತಿದವರೇ ಬರೆಯಲಿಲ್ಲ. ನಮ್ಮಲ್ಲಿ ಬರೆದವರು ಹೆಸರು, ತಿಥಿ, ಗುರು, ವಿಧಿ ಎಲ್ಲವನ್ನೂ ಬರೆದಿಟ್ಟು ಹೋಗಿದ್ದಾರೆ. ಅಕ್ಷರ ಉಳಿದಿರುವಷ್ಟು ಕಾಲ ಅದನ್ನು ಓದುವ ಹೊಣೆ ನಮ್ಮದು.